ಹಂಚಿಕೆಯ ಫೋಲ್ಡರು ತೆರೆಯದಾದಾಗ: ಹಸ್ತಪ್ರತಿ ಭಂಡಾರಗಳಿಗೆ ಕೆಲವು ಸೂಚನೆಗಳು

ಓಲೆಗರಿ ಹಾಗೂ ಕಾಗದದ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಕಾಪಾಡುವ ಕಾರ್ಯ ಗ್ರಂಥಭಂಡಾರಗಳಿಗೆ ಈಗ ಹೊಸತಲ್ಲ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದ ಮೇಲೆ ಈ ಕಾರ್ಯ ಹಲವೆಡೆ ಕ್ರಮಬದ್ಧವಾಗಿ ನಡೆದಿದೆ. ಇಂತಹ ಚಿತ್ರಗಳನ್ನು ಒಂದು ಸಂಗ್ರಹಯಂತ್ರದಲ್ಲಿಟ್ಟು, ಸಂಸ್ಥೆಯ ಒಳಜಾಲದ ಮೂಲಕ ಅನೇಕರು ತಮ್ಮ ತಮ್ಮ ಮೇಜಿನಿಂದಲೇ ನೋಡುವಂತೆ ಮಾಡಿದ ವ್ಯವಸ್ಥೆಗೆ ಹಂಚಿಕೆಯ ಫೋಲ್ಡರು ಎಂದು ಹೆಸರು. ಒಬ್ಬರು ಪಾಠಾಂತರಗಳನ್ನು ಗುರುತಿಸುತ್ತಿರುವಾಗಲೇ ಮತ್ತೊಬ್ಬರು ಅದೇ ಗರಿಯನ್ನು ಸೂಚಿಗಾಗಿ ಪರಿಶೀಲಿಸಬಹುದು. ಮೂಲಪ್ರತಿಯ ಕಟ್ಟನ್ನು ಪದೇ ಪದೇ ಬಿಚ್ಚುವ ಪ್ರಸಂಗ ತಪ್ಪುತ್ತದೆ.

ಆದರೆ ಕಂಪ್ಯೂಟರಿನ ವಿಂಡೋಸ್ ವ್ಯವಸ್ಥೆ ನವೀಕರಣಗೊಂಡ ಮರುದಿನ, ನಿನ್ನೆಯವರೆಗೆ ತೆರೆಯುತ್ತಿದ್ದ ಫೋಲ್ಡರು ತೆರೆಯದಿರುವ ಅನುಭವ ಇತ್ತೀಚೆಗೆ ಅನೇಕ ಸಂಸ್ಥೆಗಳಿಗಾಗಿದೆ. ಚಿತ್ರಗಳೇ ನಾಶವಾದುವೆಂಬ ಭಯ ಮೊದಲು ಹುಟ್ಟುತ್ತದೆ. ವಸ್ತುಸ್ಥಿತಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಚಿತ್ರಗಳು ಇದ್ದಲ್ಲಿಯೇ ಇರುತ್ತವೆ. ಓದುವ ಕಂಪ್ಯೂಟರಿಗೂ ಸಂಗ್ರಹಯಂತ್ರಕ್ಕೂ ನಡುವೆ ನಡೆಯಬೇಕಾದ ಪರಿಚಯ ಮುರಿದಿರುತ್ತದೆ. ನಿಜವಾದ ಹಾನಿ ಅನಂತರ, ಗಾಬರಿಯಲ್ಲಿ ಕೈಗೊಂಡ ತಪ್ಪು ಉಪಾಯಗಳಿಂದ ಆಗುವ ಸಂಭವವೇ ಹೆಚ್ಚು. ಆದುದರಿಂದ ಈ ದೋಷಗಳ ಕಾರಣ, ಪರೀಕ್ಷಾಕ್ರಮ ಹಾಗೂ ಮಾಡಬಾರದ ಕೆಲಸಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯದ ಗುರುತ್ವವನ್ನು ತಿಳಿಯಲು ಒಂದು ಉದಾಹರಣೆ ಸಾಕು. ಬೀದರ ಸೀಮೆ 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಆ ಭಾಗದ ಹಳೆಯ ಮನೆಗಳ ಕಾಗದಪತ್ರಗಳಲ್ಲಿ ಕನ್ನಡದ ಜೊತೆಗೆ ಮೋಡಿ ಲಿಪಿಯ ಮರಾಠಿಯೂ ಉರ್ದುವೂ ಕಾಣಸಿಗುತ್ತವೆ. ಔರಾದ ಸೀಮೆಯ ಡಾಬಕಾದಂತಹ ಗ್ರಾಮದಲ್ಲಿ ಒಂದು ಮನೆಯವರು ತಮ್ಮ ಪೆಟ್ಟಿಗೆಯನ್ನು ಒಂದು ದಿನದ ಮಟ್ಟಿಗೆ ತೆರೆದು, ಪತ್ರಗಳ ಚಿತ್ರ ತೆಗೆಯಲು ಒಪ್ಪಿದರೆಂದು ಭಾವಿಸಬಹುದು. ಸಂಜೆ ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಏರುತ್ತದೆ. ಮುಂದಿನ ಮಳೆಗಾಲವನ್ನು ಆ ಕಾಗದಗಳು ದಾಟುವುವೆಂಬ ಭರವಸೆ ಯಾರಿಗೂ ಇಲ್ಲ. ಅಂದಮೇಲೆ ಸಂಗ್ರಹಯಂತ್ರದಲ್ಲಿರುವ ಚಿತ್ರವೇ ವಿದ್ವಾಂಸರಿಗೆ ಉಳಿದ ಪ್ರತಿ. ಅದರ ಮೇಲೆ ಯಾವ ಪ್ರಯೋಗವನ್ನೂ ಲಘುವಾಗಿ ಮಾಡಲಾಗದು.

ಪ್ರವೇಶದ ನಾಲ್ಕು ಹಂತಗಳು

ಹಂಚಿಕೆಯ ಫೋಲ್ಡರು ಎಸ್.ಎಂ.ಬಿ. ಎಂಬ ಸಂವಹನ ನಿಯಮಾವಳಿಯನ್ನು ಅನುಸರಿಸುತ್ತದೆ. ಇದು 1983ರ ಸುಮಾರಿಗೆ ಐ.ಬಿ.ಎಂ. ಸಂಸ್ಥೆಯಲ್ಲಿ ರೂಪುಗೊಂಡಿತು. ಇದರ ಎರಡನೆಯ ಆವೃತ್ತಿ 2006ರಲ್ಲಿ, ಮೂರನೆಯದು 2012ರಲ್ಲಿ ಬಂದುವು. ಫೋಲ್ಡರು ತೆರೆಯಬೇಕಾದರೆ ನಾಲ್ಕು ಹಂತಗಳು ಅನುಕ್ರಮವಾಗಿ ಸಿದ್ಧಿಸಬೇಕು: ಸಂಗ್ರಹಯಂತ್ರದ ವಿಳಾಸ ದೊರೆಯಬೇಕು; ಎರಡೂ ಯಂತ್ರಗಳು ಒಂದೇ ಆವೃತ್ತಿಯಲ್ಲಿ ಮಾತನಾಡಲು ಒಪ್ಪಬೇಕು; ಬಂದವರು ಯಾರೆಂಬುದು ನಿಶ್ಚಯವಾಗಬೇಕು; ಅವರಿಗೆ ಆ ಫೋಲ್ಡರಿನಲ್ಲಿ ಎಷ್ಟು ಅಧಿಕಾರವಿದೆಯೆಂಬುದು ನಿರ್ಣಯವಾಗಬೇಕು.

ಹಸ್ತಪ್ರತಿಗಳ ಪರಿಚಯವುಳ್ಳವರಿಗೆ ಇದು ಅಪರಿಚಿತವಾದ ಕ್ರಮವಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲಾದಿ ಗ್ರಂಥಗಳ ದರ್ಶನ ಯಾತ್ರಿಕರಿಗೆ ಲಭ್ಯವಿದ್ದ ಕಾಲದಲ್ಲಿಯೂ ಅವುಗಳ ಪ್ರತಿಮಾಡುವ ಅನುಮತಿ ಲಭ್ಯವಿರಲಿಲ್ಲ. ಪ್ರತಿಮಾಡುವ ಕಾರ್ಯ ಆರಂಭವಾದದ್ದು 19ನೆಯ ಶತಮಾನದ ಕೊನೆಯಲ್ಲಿ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಊರನ್ನು ಸೇರುವುದು, ಬಸದಿಯ ಬಾಗಿಲು ತೆರೆಯುವುದು, ಗ್ರಂಥವನ್ನು ಕಾಣುವುದು, ಪ್ರತಿಮಾಡುವುದು ಇವು ಬೇರೆ ಬೇರೆ ಸಂಗತಿಗಳು. ಫೋಲ್ಡರಿನ ವಿಷಯದಲ್ಲಿಯೂ ಯಾವ ಹಂತದಲ್ಲಿ ತಡೆಯಾಯಿತೆಂಬುದನ್ನು ತಿಳಿಯುವುದೇ ಪರೀಕ್ಷೆಯ ಅರ್ಧಭಾಗ.

ನವೀಕರಣದಿಂದ ಬದಲಾದುದೇನು?

2017ರ ಮೇ ತಿಂಗಳಿನಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಅನೇಕ ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿ, ಕಡತಗಳನ್ನು ಗೂಢಲಿಪಿಗೆ ಮಾರ್ಪಡಿಸಿ ಹಣ ಕೇಳಿತು. ಅದು ನುಗ್ಗಿದ್ದು ಎಸ್.ಎಂ.ಬಿ.ಯ ಮೊದಲ ಆವೃತ್ತಿಯಲ್ಲಿದ್ದ ದೋಷದ ಮೂಲಕ. ಅದೇ ವರ್ಷದ ಕೊನೆಭಾಗದಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಆ ಆವೃತ್ತಿಯನ್ನು ಮೊದಲೇ ಅಳವಡಿಸುವುದು ನಿಂತಿತು. 2024ರ ಅಕ್ಟೋಬರ್ 1ರಂದು ಬಿಡುಗಡೆಯಾದ ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನೆರಡು ನಿಯಮಗಳನ್ನು ಬಿಗಿಗೊಳಿಸಿತು. ಪ್ರೊ, ಎಂಟರ್‌ಪ್ರೈಸ್, ಎಜುಕೇಷನ್ ಎಂಬ ರೂಪಗಳಲ್ಲಿ ಪ್ರತಿಯೊಂದು ಸಂದೇಶಕ್ಕೂ ಸಹಿ ಇರಬೇಕೆಂಬುದು ಒಂದು. ಹೆಸರು ಹಾಗೂ ಗುಪ್ತಪದಗಳಿಲ್ಲದ ಅತಿಥಿ ಪ್ರವೇಶವನ್ನು ಪ್ರೊ ರೂಪದಲ್ಲಿಯೂ ತಡೆದದ್ದು ಇನ್ನೊಂದು. ಈ ಎರಡೂ ಪರಸ್ಪರ ಸಂಬಂಧವುಳ್ಳವು. ಸಹಿಯ ಕೀಲಿ ಗುಪ್ತಪದದಿಂದ ಸಿದ್ಧವಾಗುತ್ತದೆ. ಅತಿಥಿಗೆ ಗುಪ್ತಪದವಿಲ್ಲವಾದ್ದರಿಂದ ಅವನ ಸಂದೇಶಕ್ಕೆ ಸಹಿಯೂ ಸಾಧ್ಯವಿಲ್ಲ. ಮನೆಬಳಕೆಯ ಹೋಮ್ ರೂಪಕ್ಕೆ ಸಹಿಯ ಕಡ್ಡಾಯ ಅನ್ವಯಿಸುವುದಿಲ್ಲ. ಸಂಸ್ಥೆಯ ಕಂಪ್ಯೂಟರಿನಲ್ಲಿ ತೆರೆಯದ ಫೋಲ್ಡರು ಸಂದರ್ಶಕ ವಿದ್ವಾಂಸರ ಲ್ಯಾಪ್‌ಟಾಪಿನಲ್ಲಿ ತೆರೆಯುವ ವೈಚಿತ್ರ್ಯಕ್ಕೆ ಇದು ಕಾರಣವಾಗಬಹುದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಆಸುಪಾಸಿನಲ್ಲಿ ಹಲವು ಸಂಸ್ಥೆಗಳು ವಿಂಡೋಸ್ 11ಕ್ಕೆ ಬದಲಾದುದರಿಂದ, ಹತ್ತು ಹನ್ನೆರಡು ವರ್ಷ ಹಳೆಯದಾದ ಸಂಗ್ರಹಯಂತ್ರಗಳು ಹೊಸ ನಿಯಮಗಳನ್ನು ಒಮ್ಮೆಲೇ ಎದುರಿಸಬೇಕಾಯಿತು.

ಪರೀಕ್ಷಾಕ್ರಮ

ಮೊದಲು ದೋಷ ಒಂದು ಕಂಪ್ಯೂಟರಿನಲ್ಲಿದೆಯೋ ಎಲ್ಲದರಲ್ಲಿದೆಯೋ ನೋಡಬೇಕು. ಎಲ್ಲೆಡೆಯೂ ತೆರೆಯದಿದ್ದರೆ ಸಂಗ್ರಹಯಂತ್ರದ ವಿದ್ಯುತ್ತು, ತಂತಿ, ಜಾಲಪೆಟ್ಟಿಗೆಗಳನ್ನು ಪರೀಕ್ಷಿಸಬೇಕು. ನವೀಕರಣಗೊಂಡ ಕಂಪ್ಯೂಟರಿನಲ್ಲಿ ಮಾತ್ರ ತೆರೆಯದಿದ್ದರೆ ಕೆಳಗಿನ ಕ್ರಮವನ್ನು ಅನುಸರಿಸಬಹುದು. ಪರದೆಯ ಮೇಲೆ ಕಾಣುವ ಸಂದೇಶವನ್ನೂ ದೋಷಸಂಖ್ಯೆಯನ್ನೂ ಇದ್ದಂತೆಯೇ ಬರೆದುಕೊಳ್ಳುವುದು ಅವಶ್ಯಕ.

(1) ದೋಷಸಂಖ್ಯೆಯ ಕೊನೆಯಲ್ಲಿ 80070035 ಎಂದಿದ್ದರೆ ಜಾಲದ ದಾರಿ ಸಿಗಲಿಲ್ಲವೆಂದು ಅರ್ಥ. ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ ಎರಡು ಹಿಂಬಾಗಿದ ಓರೆಗೆರೆಗಳನ್ನು ಹಾಕಿ, ಸಂಗ್ರಹಯಂತ್ರದ ಹೆಸರಿಗೆ ಬದಲಾಗಿ ಅದರ ಐ.ಪಿ. ಸಂಖ್ಯೆಯನ್ನು ಬರೆಯಬೇಕು. ಸಂಖ್ಯೆಯಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ದೋಷ ಹೆಸರಿನ ಶೋಧದಲ್ಲಿದೆ, ಫೋಲ್ಡರಿನಲ್ಲಿ ಇಲ್ಲ. ಎರಡರಿಂದಲೂ ತೆರೆಯದಿದ್ದರೆ ಕಂಪ್ಯೂಟರು ಆ ಜಾಲವನ್ನು ಪಬ್ಲಿಕ್ ಎಂದು ಪರಿಗಣಿಸಿದೆಯೇ ಎಂದು ನೋಡಿ, ಸಂಸ್ಥೆಯ ಸ್ವಂತ ಜಾಲವಾಗಿದ್ದರೆ ಪ್ರೈವೇಟ್ ಎಂದು ಬದಲಾಯಿಸಬೇಕು. ಫೈರ್‌ವಾಲ್ 445ನೆಯ ಪೋರ್ಟನ್ನು ತಡೆದಿದೆಯೇ ಎಂಬುದನ್ನೂ ತಂತ್ರಜ್ಞರಿಂದ ತಿಳಿಯಬೇಕು. ನೆಟ್‌ವರ್ಕ್ ಪಟ್ಟಿಯಲ್ಲಿ ಸಂಗ್ರಹಯಂತ್ರದ ಹೆಸರು ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆಂದಲ್ಲ. ಹಳೆಯ ಪಟ್ಟಿಯ ಪದ್ಧತಿ ಮೊದಲ ಆವೃತ್ತಿಯನ್ನು ಅವಲಂಬಿಸಿತ್ತು.

(2) ದೃಢೀಕರಣವಿಲ್ಲದ ಅತಿಥಿ ಪ್ರವೇಶವನ್ನು ಸುರಕ್ಷಾನೀತಿ ತಡೆದಿದೆ ಎಂಬ ಸಂದೇಶ ಬಂದರೆ ಕಾರಣ ಸ್ಪಷ್ಟ. ಅಲ್ಲಿಯವರೆಗೆ ಎಲ್ಲರೂ ಹೆಸರಿಲ್ಲದೆಯೇ ಪ್ರವೇಶಿಸುತ್ತಿದ್ದರು. ಸಂಗ್ರಹಯಂತ್ರದಲ್ಲಿ ಪ್ರತಿಯೊಬ್ಬ ಓದುಗರಿಗೂ ಒಂದು ಹೆಸರು ಮತ್ತು ಗುಪ್ತಪದ ನಿರ್ಮಿಸಿ, ಕಂಪ್ಯೂಟರಿನಲ್ಲಿ ಅದನ್ನೇ ಕೊಟ್ಟು ತೆರೆಯುವುದು ಇದಕ್ಕೆ ಪರಿಹಾರ.

(3) ಸಹಿ ಅಸಿಂಧುವಾಗಿದೆ ಎಂಬರ್ಥದ ಸಂದೇಶ ಬಂದರೆ ಸಂಗ್ರಹಯಂತ್ರ ಸಹಿ ಹಾಕಲು ಅಶಕ್ತವಾಗಿದೆ, ಇಲ್ಲವೇ ಆ ಸೌಲಭ್ಯವನ್ನು ಅದರಲ್ಲಿ ಮುಚ್ಚಿಡಲಾಗಿದೆ. ಅದರ ಒಳತಂತ್ರಾಂಶವನ್ನು ತಯಾರಕರ ಹೊಸ ಆವೃತ್ತಿಗೆ ಏರಿಸಿ, ಎಸ್.ಎಂ.ಬಿ.ಯ ಎರಡನೆಯ ಮತ್ತು ಮೂರನೆಯ ಆವೃತ್ತಿಗಳನ್ನೂ ಸಹಿಯನ್ನೂ ಜಾರಿಗೊಳಿಸಬೇಕು. ವಿಂಡೋಸ್ 11ರ ಕಂಪ್ಯೂಟರನ್ನೇ ಸಂಗ್ರಹಯಂತ್ರವಾಗಿ ಬಳಸುವಲ್ಲಿ ಹಳೆಯ ಸ್ಕ್ಯಾನರು ಚಿತ್ರಗಳನ್ನು ಅದಕ್ಕೆ ಕಳುಹಿಸಲಾಗದೆ ನಿಲ್ಲುವುದೂ ಇದೇ ಕಾರಣದಿಂದ ಆಗಬಹುದು.

(4) ಹೆಸರು ಅಥವಾ ಗುಪ್ತಪದ ತಪ್ಪೆಂದು ಬಂದರೆ ಮೂರು ಅಂಶಗಳನ್ನು ಗಮನಿಸಬೇಕು. ಕಂಪ್ಯೂಟರು ತೆರೆಯಲು ದಿನವೂ ಒತ್ತುವ ಪಿನ್ ಆ ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದು. ಜಾಲದಲ್ಲಿ ಅದು ಸಲ್ಲದು. ಗುಪ್ತಪದವೇ ಇಲ್ಲದ ಖಾತೆಯಿಂದ ಬೇರೊಂದು ವಿಂಡೋಸ್ ಕಂಪ್ಯೂಟರಿಗೆ ಜಾಲದ ಮೂಲಕ ಪ್ರವೇಶ ಸಾಮಾನ್ಯವಾಗಿ ದೊರೆಯದು. ಹಿಂದೆ ಉಳಿಸಿಟ್ಟ ಹಳೆಯ ಗುಪ್ತಪದ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿದ್ದರೆ ಕಂಪ್ಯೂಟರು ಅದನ್ನೇ ಮತ್ತೆ ಮತ್ತೆ ಕಳುಹಿಸುತ್ತದೆ. ಅದನ್ನು ಅಳಿಸಿ ಹೊಸದನ್ನು ಕೊಡಬೇಕು. ಒಂದೇ ಸಂಗ್ರಹಯಂತ್ರಕ್ಕೆ ಏಕಕಾಲದಲ್ಲಿ ಎರಡು ಹೆಸರುಗಳಿಂದ ಸಂಪರ್ಕಿಸಿದರೆ 1219 ಎಂಬ ದೋಷಸಂಖ್ಯೆ ಬರುತ್ತದೆ. ಹಳೆಯ ಸಂಪರ್ಕವನ್ನು ಕಡಿದು ಮತ್ತೆ ಪ್ರಯತ್ನಿಸಬೇಕು.

(5) ಎಲ್ಲವೂ ಸರಿಯಿದ್ದೂ ಗುಪ್ತಪದ ತಿರಸ್ಕೃತವಾದರೆ ಇನ್ನೊಂದು ಸಾಧ್ಯತೆಯಿದೆ. ಪ್ರತಿಯೊಂದು ವಿಂಡೋಸ್ ಕಂಪ್ಯೂಟರಿಗೂ ಒಂದು ಆಂತರಿಕ ಗುರುತುಸಂಖ್ಯೆ ಇರುತ್ತದೆ. ಒಂದು ಕಂಪ್ಯೂಟರಿನ ಡಿಸ್ಕನ್ನು ಯಥಾವತ್ತಾಗಿ ನಕಲು ಮಾಡಿ ಉಳಿದವುಗಳಿಗೆ ತುಂಬಿದ ಕಡೆ ಆ ಸಂಖ್ಯೆ ಎಲ್ಲದರಲ್ಲಿಯೂ ಒಂದೇ ಆಗಿರುತ್ತದೆ. 2025ರ ಆಗಸ್ಟ್ 29ರಂದು ಮತ್ತು ಅನಂತರ ಬಂದ ನವೀಕರಣಗಳು ಇಂತಹ ಯಂತ್ರಗಳ ನಡುವಿನ ದೃಢೀಕರಣವನ್ನು ತಡೆಯುತ್ತವೆ. ತಂತ್ರಜ್ಞರು ಆ ಕಂಪ್ಯೂಟರುಗಳಲ್ಲಿ ವಿಂಡೋಸನ್ನು ವಿಧಿವತ್ತಾಗಿ ಮರುಸ್ಥಾಪಿಸುವುದೇ ಇದಕ್ಕೆ ಶಾಶ್ವತ ಪರಿಹಾರ.

(6) ಸಂಖ್ಯೆಯ ಕೊನೆಯಲ್ಲಿ 80070005 ಎಂದಿದ್ದರೆ ಅನುಮತಿ ನಿರಾಕರಣೆಯಾಗಿದೆ. ವಿಂಡೋಸಿನಲ್ಲಿ ಅನುಮತಿ ಎರಡು ಕಡೆ ನಮೂದಾಗಿರುತ್ತದೆ: ಹಂಚಿಕೆಯ ಮಟ್ಟದಲ್ಲಿ ಒಂದು, ಫೋಲ್ಡರಿನ ಮಟ್ಟದಲ್ಲಿ ಇನ್ನೊಂದು. ಇವೆರಡರಲ್ಲಿ ಬಿಗಿಯಾದುದೇ ಜಾಲದ ಮೂಲಕ ಬಂದವರಿಗೆ ಅನ್ವಯಿಸುತ್ತದೆ. ಒಂದನ್ನು ಸಡಿಲಿಸಿ ಇನ್ನೊಂದನ್ನು ಮರೆತರೆ ಫಲವಿಲ್ಲ.

ಮಾಡಬಾರದ ಕೆಲಸಗಳು

ಎಸ್.ಎಂ.ಬಿ.ಯ ಮೊದಲ ಆವೃತ್ತಿಯನ್ನು ಮತ್ತೆ ಅಳವಡಿಸುವುದು, ಸಹಿಯ ನಿಯಮವನ್ನು ತೆಗೆದುಹಾಕುವುದು, ಅತಿಥಿ ಪ್ರವೇಶವನ್ನು ತೆರೆಯುವುದು, ಎಲ್ಲರಿಗೂ ಪೂರ್ಣಾಧಿಕಾರ ಕೊಡುವುದು ಇವು ಶೀಘ್ರವಾಗಿ ಫಲ ಕೊಡುವ ಉಪಾಯಗಳೆಂದು ಸೂಚಿತವಾಗುವುದುಂಟು. ಫೋಲ್ಡರು ತೆರೆಯುವುದೂ ಉಂಟು. ಆದರೆ ಹೆಸರಿಲ್ಲದವರೂ ಬರೆಯಬಹುದಾದ ಫೋಲ್ಡರಿನಲ್ಲಿ, ಜಾಲದ ಯಾವುದೋ ಒಂದು ಕಂಪ್ಯೂಟರಿಗೆ ತಗುಲಿದ ದುಷ್ಟ ತಂತ್ರಾಂಶ ಸಾವಿರಾರು ಗರಿಗಳ ಚಿತ್ರಗಳನ್ನು ಒಂದು ರಾತ್ರಿಯಲ್ಲಿ ನಿರುಪಯುಕ್ತಗೊಳಿಸಬಲ್ಲದು. ಸಂಗ್ರಹಯಂತ್ರವನ್ನು ಮೂಲಸ್ಥಿತಿಗೆ ತರುವ ಗುಂಡಿಯನ್ನು ಒತ್ತುವುದು ಇದಕ್ಕಿಂತಲೂ ಅಪಾಯಕರ. ಕೆಲವು ಯಂತ್ರಗಳಲ್ಲಿ ಅದು ಒಳಗಿರುವುದನ್ನೆಲ್ಲ ಅಳಿಸುವ ಕ್ರಿಯೆಯೇ ಆಗಿದೆ. ನವೀಕರಣವನ್ನು ಹಿಂತೆಗೆಯಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿದ್ದರೂ ಅದು ಕಾಲಹರಣವಷ್ಟೇ.

ಸಂಗ್ರಹಯಂತ್ರ ತೀರ ಹಳೆಯದಾಗಿ ಹೊಸ ಆವೃತ್ತಿಗಳನ್ನು ಅರಿಯದಿದ್ದರೆ, ಇಂಟರ್‌ನೆಟ್ ಸಂಪರ್ಕ ತೆಗೆದ ಒಂದೇ ಕಂಪ್ಯೂಟರಿನಿಂದ ಅದನ್ನು ತಾತ್ಕಾಲಿಕವಾಗಿ ತೆರೆದು, ಚಿತ್ರಗಳನ್ನೆಲ್ಲ ಹೊಸ ಡಿಸ್ಕಿಗೆ ಪ್ರತಿಮಾಡಿ, ಕಡತಗಳ ಸಂಖ್ಯೆಯನ್ನು ತಾಳೆನೋಡಿ, ಅಲ್ಲಲ್ಲಿ ಕೆಲವನ್ನು ತೆರೆದು ಪರೀಕ್ಷಿಸಿ, ಅನಂತರ ಹಳೆಯ ಯಂತ್ರಕ್ಕೆ ವಿರಾಮ ಕೊಡುವುದು ಯುಕ್ತ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ಸುವಿದಿತ. ಚಿತ್ರಗಳಿಗೆ ಮೂರು ಪ್ರತಿಗಳಾದರೂ ಇರಲಿ. ಅವುಗಳಲ್ಲಿ ಒಂದು ಜಾಲಕ್ಕೆ ಸೇರದೆ ಬೇರೊಂದು ಊರಿನಲ್ಲಿರಲಿ.

ಅಧಿಕಾರವನ್ನು ಕೊಡುವಾಗಲೂ ವಿವೇಕ ಬೇಕು. ಓದುವವರಿಗೆ ಓದುವ ಅನುಮತಿ ಸಾಕು. ಚಿತ್ರಗಳನ್ನು ಸೇರಿಸುವ ಅಧಿಕಾರ ಒಬ್ಬಿಬ್ಬರಿಗಿದ್ದರೆ ಸಾಕು. ಅಳಿಸುವ ಅಧಿಕಾರ ದಿನನಿತ್ಯದ ಯಾವ ಖಾತೆಗೂ ಬೇಡ.

ಪ್ರಾಚೀನ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆದ ಕಾಲ, ಸ್ಥಳ, ಬರೆಸಿದವರ ಹೆಸರುಗಳನ್ನು ನಮೂದಿಸಿದ್ದರಿಂದಲೇ ಇಂದು ಅನೇಕ ಗ್ರಂಥಗಳ ಇತಿಹಾಸ ತಿಳಿಯುತ್ತದೆ. ಅದರಂತೆ ಭಂಡಾರದಲ್ಲಿ ಒಂದು ಪುಸ್ತಕವನ್ನಿಟ್ಟು, ಸಂಗ್ರಹಯಂತ್ರದ ಹೆಸರು ಮತ್ತು ಐ.ಪಿ. ಸಂಖ್ಯೆ, ಯಾರಿಗೆ ಯಾವ ಅನುಮತಿಯಿದೆ, ಯಾವ ಕಂಪ್ಯೂಟರು ಎಂದು ನವೀಕರಣಗೊಂಡಿತು, ಯಾವ ದೋಷ ಕಂಡಿತು, ಯಾವ ಉಪಾಯದಿಂದ ನೀಗಿತು ಎಂಬುದನ್ನು ದಿನಾಂಕಸಹಿತ ಬರೆಯಬೇಕು. ಗುಪ್ತಪದಗಳನ್ನು ಮಾತ್ರ ಅದರಲ್ಲಿ ಬರೆಯದೆ ಮೊಹರು ಮಾಡಿದ ಲಕೋಟೆಯಲ್ಲಿ ಬೇರೆಯಾಗಿ ಇಡಬೇಕು. ಭಂಡಾರಪಾಲಕರು ಬದಲಾಗುತ್ತಾರೆ, ಯಂತ್ರಗಳೂ ಬದಲಾಗುತ್ತವೆ. ಡಾಬಕಾದ ಅಟ್ಟದ ಪೆಟ್ಟಿಗೆಯಿಂದ ಒಂದು ದಿನದ ಮಟ್ಟಿಗೆ ಹೊರಬಂದ ಪತ್ರ ಮುಂದಿನ ತಲೆಮಾರಿನ ಓದುಗರಿಗೂ ದೊರೆಯಬೇಕಾದರೆ ಆ ಪುಸ್ತಕದ ನಾಲ್ಕು ಸಾಲುಗಳೂ ಚಿತ್ರದಷ್ಟೇ ಅಗತ್ಯ.