ಆಮೆಯ ಚಿಪ್ಪಿನ ಆರೋಗ್ಯ

ಆಮೆಯ ಚಿಪ್ಪೆಂದರೆ ಅದು ಬೆನ್ನ ಮೇಲೆ ಹೊತ್ತು ತಿರುಗುವ ಮನೆಯೆಂದು ನಾವೆಲ್ಲ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಈ ಭಾವನೆಯಿಂದಲೇ ಇರಬೇಕು, ಆಮೆಯನ್ನು ಸಾಕುವವರಲ್ಲಿ ಕೆಲವರು ಮರದ ಪೆಟ್ಟಿಗೆಗೆ ಮೆರುಗು ಕೊಡುವಂತೆ ಚಿಪ್ಪಿಗೆ ಎಣ್ಣೆ ಸವರುತ್ತಾರೆ. ಇಂಗ್ಲೆಂಡಿನಲ್ಲಿ ಹಿಂದೆ ಚಿಪ್ಪಿನ ಅಂಚಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಆಮೆಯನ್ನು ತೋಟದ ಗೂಟಕ್ಕೆ ಕಟ್ಟುವವರೂ ಇದ್ದರು.

ವಸ್ತುಸ್ಥಿತಿ ಬೇರೆಯೇ ಆಗಿದೆ. ಚಿಪ್ಪು ಆಮೆಯ ಅಸ್ಥಿಪಂಜರದ ಒಂದು ಭಾಗ. ಪಕ್ಕೆಲುಬುಗಳೂ ಬೆನ್ನೆಲುಬೂ ಇತರ ಮೂಳೆಗಳೊಡನೆ ಬೆಸೆದುಕೊಂಡು, ಸುಮಾರು 50ರಿಂದ 60 ಮೂಳೆಗಳ ಗುಮ್ಮಟವಾಗಿವೆ. ಅದರ ಮೇಲೆ, ನಮ್ಮ ಉಗುರಿನಲ್ಲಿರುವಂತೆಯೇ, ಕೆರಾಟಿನ್ ಎಂಬ ವಸ್ತುವಿನ ಫಲಕಗಳು. ಬೆನ್ನ ನಡುವೆ ಸಾಲಾಗಿ 5, ಇಕ್ಕೆಲಗಳಲ್ಲಿ ನಾಲ್ಕು ನಾಲ್ಕು, ಹೀಗೆ ದೊಡ್ಡ ಫಲಕಗಳು ಸಾಮಾನ್ಯವಾಗಿ 13. ಗೋಡೆ ಕಟ್ಟುವವನು ಇಟ್ಟಿಗೆಯ ಸಂದಿನ ಮೇಲೆ ಸಂದು ಬಾರದಂತೆ ನೋಡಿಕೊಳ್ಳುವನಷ್ಟೆ. ಇಲ್ಲಿಯೂ ಬಹುಮಟ್ಟಿಗೆ ಫಲಕದ ಸಂದು ಮೂಳೆಯ ಸಂದಿನ ಮೇಲೆ ಬೀಳುವುದಿಲ್ಲ. ಈ ಗುಮ್ಮಟಕ್ಕೆ ರಕ್ತನಾಳಗಳೂ ನರಗಳೂ ಉಂಟು. ಚಿಪ್ಪನ್ನು ಮೆಲ್ಲನೆ ಮುಟ್ಟಿದರೂ ಆಮೆಗೆ ಅರಿವಾಗುತ್ತದೆ; ಕೊರೆದರೆ ನೋವಾಗುವುದರಲ್ಲಿ ಸಂದೇಹವೇನು?

ಆದುದರಿಂದ ಚಿಪ್ಪಿನ ಪೋಷಣೆ ಒಳಗಿನಿಂದಲೇ ಆಗಬೇಕು. ಮೂಳೆಗೆ ಕ್ಯಾಲ್ಸಿಯಂ ಬೇಕು. ಆಹಾರದ ಕ್ಯಾಲ್ಸಿಯಂ ದೇಹಗತವಾಗಲು ಡಿ ಅನ್ನಾಂಗ ಬೇಕು. ಈ ಅನ್ನಾಂಗವು ಬಿಸಿಲಿನ ಅತಿನೇರಿಳೆ ಕಿರಣಗಳು ಚರ್ಮದ ಮೇಲೆ ಬಿದ್ದಾಗ ತಯಾರಾಗುತ್ತದೆ. ಕಿಟಕಿಯ ಗಾಜಿನ ಹಿಂದೆ ಆಮೆಯನ್ನಿಟ್ಟು, ಬಿಸಿಲು ಕಾಯಿಸುತ್ತಿದ್ದೇವೆಂದು ತೃಪ್ತಿಪಡುವವರುಂಟು. ಗಾಜು ಬೆಳಕನ್ನೂ ಶಾಖವನ್ನೂ ಬಿಡುತ್ತದೆ, ಬೇಕಾದ ಆ ಕಿರಣಗಳನ್ನು ಮಾತ್ರ ತಡೆಯುತ್ತದೆ! ಬಯಲಿನ ಬಿಸಿಲು ದೊರೆಯದ ಕಡೆ ವಿಶೇಷ ದೀಪಗಳನ್ನು ಬಳಸುತ್ತಾರೆ. ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದ ಎರಡರಷ್ಟಾದರೂ ಇರಬೇಕು. ಹುಲ್ಲು, ಕಳೆಗಿಡಗಳ ಸೊಪ್ಪು ಮೆಡಿಟರೇನಿಯನ್ ಪ್ರದೇಶದ ಹರ್ಮನ್ ಆಮೆಯಂಥವಕ್ಕೆ ಒಗ್ಗುತ್ತವೆ; ಹಣ್ಣು, ರೊಟ್ಟಿ, ಮಾಂಸ ಒಗ್ಗವು. ಇವೆಲ್ಲ ತಪ್ಪಿದರೆ ಚಿಪ್ಪು ಮೆತ್ತಗಾಗಿ ಬಾಗುತ್ತದೆ. ಶ್ವಾಸಕೋಶಗಳು ಚಿಪ್ಪಿನ ಕೆಳಗೇ ಇರುವುದರಿಂದ ಉಸಿರಾಟಕ್ಕೂ ಕಷ್ಟವಾಗಬಹುದು.

ಸಾಕಿದ ಆಮೆಗಳಲ್ಲಿ ಪ್ರತಿಯೊಂದು ಫಲಕವೂ ಪಿರಮಿಡ್ಡಿನಂತೆ ಉಬ್ಬಿ ನಿಲ್ಲುವುದು ಇನ್ನೊಂದು ವಿಕಾರ. ಸಸಾರಜನಕ ಅತಿಯಾದುದೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಿದ್ದರು. 2003ರಲ್ಲಿ ವಿಯೆನ್ನಾದ ಸಂಶೋಧಕರು ಪ್ರಕಟಿಸಿದ ಪ್ರಯೋಗವು ಈ ನಂಬಿಕೆಯನ್ನು ಅಲುಗಿಸಿತು. ಆಫ್ರಿಕದ ಸುಲ್ಕಾಟಾ ಆಮೆಯ ಮರಿಗಳನ್ನು ಬೇರೆ ಬೇರೆ ತೇವದ ಗಾಳಿಯಲ್ಲಿಯೂ, ಬೇರೆ ಬೇರೆ ಪ್ರಮಾಣದ ಸಸಾರಜನಕವನ್ನು ಕೊಟ್ಟೂ ಬೆಳೆಸಿದಾಗ, ಒಣಗಾಳಿಯ ಮರಿಗಳಲ್ಲಿ ಉಬ್ಬು ಹೆಚ್ಚಾಗಿತ್ತು. ಸಸಾರಜನಕದ ಪರಿಣಾಮ ಅಲ್ಪ. ಮರುಭೂಮಿಯ ಅಂಚಿನ ಪ್ರಾಣಿಗೆ ತೇವವೇಕೆಂದು ವಾಚಕರು ಕೇಳಬಹುದು. ಈ ಜಾತಿಯ ಆಮೆಗಳು ಬಹುಕಾಲ ಬಿಲಗಳೊಳಗೆ ಕಳೆಯುತ್ತವೆ, ಬಿಲದ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ. ಆದಕಾರಣ ಮರಿಗಳಿಗೆ ತೇವದ ಪಾಚಿ ಹಾಸಿದ ಅವಿತುಕೊಳ್ಳುವ ತಾಣವನ್ನು ಒದಗಿಸಿ, ಉಗುರುಬೆಚ್ಚಗಿನ ಆಳವಿಲ್ಲದ ನೀರಿನಲ್ಲಿ ಆಗಾಗ ಕೂರಿಸುತ್ತಾರೆ. ಒಮ್ಮೆ ಎದ್ದ ಉಬ್ಬು ಮತ್ತೆ ತಗ್ಗುವುದಿಲ್ಲ. ಹೊಸ ಬೆಳವಣಿಗೆಯನ್ನು ಮಾತ್ರ ಸರಿಪಡಿಸಬಹುದು.

ತೇವವೆಂದರೆ ಕೊಳಕು ನೆಲವಲ್ಲ. ಸದಾ ಒದ್ದೆಯಾದ ಹೊಲಸಿನಲ್ಲಿದ್ದರೆ ಗೀರುಗಳ ಮೂಲಕ ಬ್ಯಾಕ್ಟೀರಿಯಗಳೂ ಬೂಷ್ಟೂ ಒಳಹೊಕ್ಕು ಚಿಪ್ಪು ಕೊಳೆಯುತ್ತದೆ. ದುರ್ವಾಸನೆ ಬಂದರೆ, ಮೆತ್ತನೆಯ ಕಲೆ ಕಂಡರೆ, ಪಶುವೈದ್ಯರಿಗೆ ತೋರಿಸತಕ್ಕದ್ದು. ಎಣ್ಣೆಯಿಂದ ಪ್ರಯೋಜನವಿಲ್ಲ, ಧೂಳು ಅಂಟಿ ಹಾನಿಯೇ ಹೆಚ್ಚು. ಬಣ್ಣ ಬಳಿಯುವುದಂತೂ ಕೂಡದು.

ನಮ್ಮ ಕುರುಚಲು ಕಾಡುಗಳ ನಕ್ಷತ್ರ ಆಮೆಯ ವಿಷಯ ಬೇರೆ. ಮನೆಯಲ್ಲಿದ್ದರೆ ಅದೃಷ್ಟವೆಂದು ಅದನ್ನು ಹಿಡಿದು ತರುವವರಿದ್ದಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಹಾಗೆ ಸಾಕುವುದು ಅಪರಾಧ. ಕಾಡಿನಲ್ಲಿಯೇ ಬೆಳೆದ ನಕ್ಷತ್ರ ಆಮೆಗಳ ಬೆನ್ನಿನಲ್ಲಿಯೂ ಉಬ್ಬುಗಳಿರುವುದುಂಟು. ಅದನ್ನು ಕಂಡು ರೋಗವೆಂದು ಭ್ರಮಿಸಿ ಮನೆಗೆ ತರಬೇಕಾದ್ದಿಲ್ಲ. ಚಿಪ್ಪು ಒಡೆದ ಆಮೆ ದಾರಿಯಲ್ಲಿ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಒಡೆದ ಮೂಳೆ ಕೂಡಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ, ಆದರೆ ಕೂಡಿಕೊಳ್ಳುವುದುಂಟು.