ಒಂದೇ ಮರ ಕಂಡಾಗ

(ಆಕಾಶವಾಣಿಯ ಕೃಪೆಯಿಂದ)

ಮಳೆಗಾಲದಲ್ಲಿ ನಮ್ಮ ಕುಂದೂರಿನ ಕಾಡಿನಂಚಿನಲ್ಲಿ ನಿಂತರೆ ಕಾಡು ಕಾಣುತ್ತದೆ, ಮರ ಕಾಣುವುದಿಲ್ಲ. ಯಾವ ಕೊಂಬೆ ಯಾವ ಮರದ್ದು, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗಿತು ಎಂದು ಹೇಳಲಾಗದು. ಒಂದು ಮರದ ಆಕಾರವನ್ನು ಅರಿಯಬೇಕಾದರೆ ಉಳಿದ ಮರಗಳೆಲ್ಲ ಕಣ್ಣಿಗೆ ಮರೆಯಾಗಬೇಕು. ಮಿದುಳಿನ ರಚನೆಯನ್ನು ಅರಸಿ ಹೊರಟ ವಿಜ್ಞಾನಿಗಳಿಗೆ ಎದುರಾದದ್ದೂ ಇದೇ ತೊಡಕು.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಪ್ರತಿಯೊಂದಕ್ಕೂ ಒಂದು ಒಡಲು; ಸುದ್ದಿಯನ್ನು ಬರಮಾಡಿಕೊಳ್ಳಲು ಕೊಂಬೆಗಳಂತೆ ಕವಲೊಡೆದ ಡೆಂಡ್ರೈಟ್‌ಗಳು; ಸುದ್ದಿಯನ್ನು ಮುಂದಕ್ಕೆ ಒಯ್ಯಲು ಆಕ್ಸಾನ್ ಎಂಬ ಎಳೆ. ಬಣ್ಣ ಕಟ್ಟದೆ ಸೂಕ್ಷ್ಮದರ್ಶಕದಡಿ ಇಟ್ಟರೆ ಇವು ಹೆಚ್ಚುಕಡಿಮೆ ಪಾರದರ್ಶಕ. ಎಲ್ಲಕ್ಕೂ ಬಣ್ಣ ಕಟ್ಟಿದರೆ ಬರಿಯ ಗೋಜಲು.

ಇದಕ್ಕೆ ದಾರಿ ತೋರಿದವನು ಇಟಲಿಯ ವೈದ್ಯ ಕ್ಯಾಮಿಲ್ಲೊ ಗಾಲ್ಜಿ. ಆಸ್ಪತ್ರೆಯೊಂದರ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದ ಆತ 1873ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದ. ಮಿದುಳಿನ ತುಣುಕನ್ನು ಪೊಟಾಸಿಯಂ ಡೈಕ್ರೋಮೇಟಿನಲ್ಲಿಯೂ ಬಳಿಕ ಸಿಲ್ವರ್ ನೈಟ್ರೇಟಿನಲ್ಲಿಯೂ ನೆನೆಸಿದರೆ, ನೂರರಲ್ಲಿ ಕೆಲವೇ ಕೋಶಗಳು ಬುಡದಿಂದ ತುದಿಯವರೆಗೆ ಕಪ್ಪಾಗುತ್ತವೆ. ಉಳಿದವು ಬಣ್ಣ ಹಿಡಿಯುವುದೇ ಇಲ್ಲ. ಆ ಕೆಲವೇ ಏಕೆ ಎಂಬುದು ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ವಿಧಾನದ ಕೊರತೆಯೆಂದು ತೋರುವ ಇದೇ ಅದರ ಹೆಚ್ಚಳ.

ಸ್ಪೇನಿನ ರಮೋನ್ ಇ ಕಹಾಲ್ 1887ರಲ್ಲಿ ಈ ಕಪ್ಪು ಮರಗಳನ್ನು ಕಂಡು ಬೆರಗಾದ. ವಿಧಾನವನ್ನು ತಿದ್ದಿ, ಬಾಳಿನುದ್ದಕ್ಕೂ ಅವುಗಳ ಚಿತ್ರ ಬರೆದ. ನರಮಂಡಲವೆಲ್ಲ ಒಂದಕ್ಕೊಂದು ಬೆಸೆದ ಬಲೆ ಎಂದು ಗಾಲ್ಜಿಯ ಮತ. ಪ್ರತಿ ಕೋಶವೂ ಬೇರೆ ಬೇರೆ ಎಂದು ಕಹಾಲನ ಮತ. 1906ರಲ್ಲಿ ಇಬ್ಬರಿಗೂ ಒಂದೇ ನೊಬೆಲ್ ಪ್ರಶಸ್ತಿ ಬಂತು. ಆ ವೇದಿಕೆಯ ಮೇಲೂ ಗಾಲ್ಜಿ ತನ್ನ ಪಟ್ಟು ಬಿಡಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಗಳ ನಡುವಣ ಬಿರುಕನ್ನು ತೋರಿಸಿ ಕಹಾಲನ ಪಕ್ಷವನ್ನು ಎತ್ತಿಹಿಡಿಯಿತು.

ಬೆಳ್ಳಿಯ ಕಪ್ಪು ಸತ್ತ ಅಂಗಾಂಶಕ್ಕೆ ಮಾತ್ರ ಸಲ್ಲುವಂಥದು. ಜೀವಂತ ಕೋಶಕ್ಕೆ ಗುರುತು ಹಚ್ಚುವ ಉಪಾಯ ಸಮುದ್ರದಿಂದ ಬಂತು. 1962ರಲ್ಲಿ ಒಸಾಮು ಶಿಮೊಮುರಾ ಲೋಳೆಮೀನಿನಿಂದ ಹಸುರಾಗಿ ಹೊಳೆಯುವ ಪ್ರೋಟೀನನ್ನು ಬೇರ್ಪಡಿಸಿದ. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದರ ಜೀನನ್ನು ಪುಟ್ಟ ಹುಳುವಿನೊಳಗೆ ಸೇರಿಸಿ, ಸ್ಪರ್ಶವನ್ನರಿಯುವ ನರಕೋಶಗಳನ್ನು ಬೆಳಗಿಸಿದ. 2007ರ ಹೊತ್ತಿಗೆ ಇಲಿಯ ನರಕೋಶಗಳನ್ನು ಹತ್ತಾರು ಬಣ್ಣಗಳಲ್ಲಿ ಬೇರ್ಪಡಿಸಿ ನೋಡುವುದು ಸಾಧ್ಯವಾಯಿತು.

ಆದರೂ ಹಳೆಯ ಬೆಳ್ಳಿಯ ವಿಧಾನ ಮೂಲೆಗೆ ಬೀಳಲಿಲ್ಲ. ನಮ್ಮ ಬೆಂಗಳೂರಿನಲ್ಲೇ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಸಂಶೋಧನೆಗೆ ಅದೇ ಆಧಾರ. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟು, ಬಳಿಕ ಅವುಗಳ ನರಕೋಶಗಳನ್ನು ಕಪ್ಪಾಗಿಸಿ ನೋಡಿದರು. ಕೋಶದ ಒಡಲನ್ನು ನಡುವಿಟ್ಟು ಒಂದರ ಹೊರಗೊಂದು ವೃತ್ತ ಎಳೆದು, ಪ್ರತಿ ವೃತ್ತವನ್ನು ಎಷ್ಟು ಕವಲು ದಾಟುತ್ತವೆಂದು ಎಣಿಸುವುದು ಇಲ್ಲಿನ ಅಳತೆಯ ಕ್ರಮ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ಸಿನಲ್ಲಿ ಕೊಂಬೆಗಳು ಕುಗ್ಗಿದ್ದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಬೆಳೆದು ಹರಡಿದ್ದವು! 2004ರಲ್ಲಿ ಇದೇ ಕೇಂದ್ರದಿಂದ ಬಂದ ಇನ್ನೊಂದು ವರದಿ ಮತ್ತೂ ಯೋಚನೆಗೆ ಹಚ್ಚುವಂಥದು: ಇಪ್ಪತ್ತೊಂದು ದಿನ ನೆಮ್ಮದಿಯಾಗಿ ಬಿಟ್ಟರೂ ಅಮಿಗ್ಡಲದ ಬೆಳವಣಿಗೆ ಹಿಂದಕ್ಕೆ ಸರಿದಿರಲಿಲ್ಲ; ಅಂಜಿಕೆಯೂ ಇಳಿದಿರಲಿಲ್ಲ.

ಇಲಿಯ ಮಾತನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಬಾರದು, ನಿಜ. ಆದರೆ ಸಕಲೇಶಪುರ, ಆಲೂರಿನ ಕಡೆ ನಸುಕಿನಲ್ಲಿ ತೋಟಕ್ಕೆ ಹೋಗಿ, ಆನೆಗೆ ಎದುರಾಗಿ, ಬದುಕಿ ಬಂದವರಿದ್ದಾರೆ. ತಿಂಗಳುಗಳು ಕಳೆದರೂ ಬಿದಿರು ಮುರಿದ ಸದ್ದಿಗೆ ಅಂಥವರು ಬೆಚ್ಚುತ್ತಾರೆ. “ಇನ್ನೂ ಮರೆಯಲಿಲ್ಲವೇನಯ್ಯ?” ಎಂದು ಅವರನ್ನು ಕೇಳುವವರಲ್ಲಿ ನಾನೂ ಒಬ್ಬನಾಗಿದ್ದೆ. ಆ ಕಪ್ಪು ಕೊಂಬೆಗಳ ಚಿತ್ರವನ್ನು ನೋಡಿದ ಮೇಲೆ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ.