ಹಳೇ ಗೇಮ್‌ಗೆ ವಯಸ್ಸಾಗಲ್ಲ ಯಾಕೆ?

ಇಂಟರ್ನಲ್ಸ್ ಮುಗಿದ ಸಂಜೆ ದಾಸರಹಳ್ಳಿಯ ಪಿ.ಜಿ.ಗಳಲ್ಲಿ ನಾವು ಏನು ಮಾಡ್ತೀವಿ ಅಂತ ಹೇಳಬೇಕಾಗಿಲ್ಲ. ನಾಲ್ಕು ಲ್ಯಾಪ್‌ಟಾಪ್, ಒಂದು ಹಾಟ್‌ಸ್ಪಾಟ್, ಕೌಂಟರ್ ಸ್ಟ್ರೈಕ್ 1.6. ಪಕ್ಕದ ರೂಮಲ್ಲಿ ಜಿ.ಟಿ.ಎ. ಸ್ಯಾನ್ ಆಂಡ್ರಿಯಾಸ್. ಮೊದಲನೆಯದು 2003ರದ್ದು, ಎರಡನೆಯದು ಪಿ.ಸಿ.ಗೆ ಬಂದದ್ದು 2005ರಲ್ಲಿ. ಆಗ ನಮ್ಮಲ್ಲಿ ಕೆಲವರು ತೊಟ್ಟಿಲಲ್ಲಿದ್ದೆವು, ಉಳಿದವರು ಹುಟ್ಟೇ ಇರಲಿಲ್ಲ! ಆದರೂ ಈ ಗೇಮ್‌ಗಳು ಯಾಕೆ ಬಿಡಲ್ಲ?

ಮೊದಲ ಕಾರಣ ನಮ್ಮ ಜೇಬು. ಸ್ಯಾನ್ ಆಂಡ್ರಿಯಾಸ್ ಕೇಳುವುದು 1 ಗಿಗಾಹರ್ಟ್ಸ್ ಪ್ರೊಸೆಸರ್, 256 ಎಂ.ಬಿ. ರ‍್ಯಾಮ್ ಅಷ್ಟೇ. ಇವತ್ತು ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಅಸೈನ್‌ಮೆಂಟ್‌ಗೆಂದು ಅಪ್ಪ ಕೊಡಿಸಿದ ಲ್ಯಾಪ್‌ಟಾಪ್‌ಗೂ ಅದು ಲೆಕ್ಕಕ್ಕಿಲ್ಲ. ಗೇಮ್ ನಿಂತಲ್ಲೇ ನಿಂತಿದೆ, ನಮ್ಮ ಮಷೀನ್‌ಗಳು ಅದನ್ನು ದಾಟಿ ಮುಂದೆ ಬಂದಿವೆ.

ಎರಡನೆಯದು ಮಾರುವವರ ಲೆಕ್ಕ. ಪೀಣ್ಯದ ಶೆಡ್‌ನಲ್ಲಿ ಹಳೇ ಲೇತ್ ಮಷೀನ್ ಇದೆ ಅಂದುಕೊಳ್ಳಿ. ಅದರ ಸಾಲ ಎಂದೋ ತೀರಿದೆ, ಇನ್ನು ಬರುವ ಕಾಸೆಲ್ಲ ಬಹುತೇಕ ಲಾಭವೇ. ಗೇಮ್‌ಗೂ ಹಾಗೆಯೇ. ಡೌನ್‌ಲೋಡ್ ಆಗಿ ಮಾರುವ ಇನ್ನೊಂದು ಕಾಪಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಸೇಲ್ ಬಂದಾಗ ಅಷ್ಟು ದೊಡ್ಡ ರಿಯಾಯಿತಿ ಕೊಟ್ಟರೂ ಅವರಿಗೆ ನಷ್ಟವಿಲ್ಲ. 2013ರ ಜಿ.ಟಿ.ಎ. 5 ಇಲ್ಲಿಯವರೆಗೆ 20 ಕೋಟಿಗೂ ಹೆಚ್ಚು ಕಾಪಿ ಮಾರಿದೆ. ಅದನ್ನು ಮಾಡಿದ ರಾಕ್‌ಸ್ಟಾರ್‌ಗೆ ನಮ್ಮ ಬೆಂಗಳೂರಲ್ಲೂ ಸ್ಟುಡಿಯೋ ಇದೆ. 1997ರಲ್ಲಿ ಇಲ್ಲೇ ಶುರುವಾಗಿದ್ದ ಧ್ರುವ ಇಂಟರ್‌ಆಕ್ಟಿವ್ ಕಂಪನಿಯನ್ನು 2019ರಲ್ಲಿ ಕೊಂಡದ್ದೂ ಅವರೇ.

ಮೂರನೆಯದು ಮಾಡ್‌ಗಳು, ಅಂದರೆ ಆಡುವವರೇ ಗೇಮ್‌ನ ಒಳಗೆ ಕೈಹಾಕಿ ಮಾಡುವ ಬದಲಾವಣೆ. ಹೊಸ ಮ್ಯಾಪ್, ಹೊಸ ಗಾಡಿ ಬರುತ್ತಲೇ ಇದ್ದರೆ ಗೇಮ್ ಹಳತಾಗುವುದು ಹೇಗೆ? ಕೌಂಟರ್ ಸ್ಟ್ರೈಕ್ ಕೂಡ 1999ರಲ್ಲಿ ಹುಟ್ಟಿದ್ದು ಹಾಫ್ ಲೈಫ್‌ನ ಮಾಡ್ ಆಗಿಯೇ. ಮಾಡಿದವರು ಮಿನ್ ಲೀ, ಜೆಸ್ ಕ್ಲಿಫ್. ಆಗ ಇಬ್ಬರೂ ನಮ್ಮ ಹಾಗೆ ಕಾಲೇಜು ಹುಡುಗರು!

ಆದರೆ ಹಳೇ ಗೇಮ್ ಯಾವಾಗಲೂ ಸಿಗುತ್ತೆ ಅನ್ನುವ ಭ್ರಮೆ ಬೇಡ. 2021ರಲ್ಲಿ ಜಿ.ಟಿ.ಎ.ಯ ಮೂರು ಹಳೇ ಭಾಗಗಳ ಹೊಸ ಆವೃತ್ತಿ ತರುವಾಗ ಮೂಲ ಗೇಮ್‌ಗಳನ್ನು ಮಾರಾಟದಿಂದಲೇ ತೆಗೆದಿದ್ದರು. ಹೊಸದರಲ್ಲಿ ದೋಷಗಳು ಎದ್ದು ಕಂಡು, ಜನ ರೇಗಿದ ಮೇಲೆ ಪಿ.ಸಿ.ಗೆ ಹಳೆಯವು ವಾಪಸ್ ಬಂದವು. ಹಾಡುಗಳ ಕತೆಯೂ ಅಷ್ಟೇ. ಲೈಸೆನ್ಸ್ ಅವಧಿ ಮುಗಿದಾಗ 2018ರಲ್ಲಿ ಜಿ.ಟಿ.ಎ. 4ರ ರೇಡಿಯೋದಿಂದ ಹಲವು ಹಾಡು ಮಾಯವಾದವು, ದುಡ್ಡು ಕೊಟ್ಟು ಕೊಂಡವರ ಕಾಪಿಯಲ್ಲೂ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿದ ಪ್ರಕಾರ, ಅಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲೇ ಸಿಗುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ಉಳಿದುಕೊಂಡ ಆ ಕೆಲವು ಮಾತ್ರ.

ಯಾಕೆಂದರೆ ಆನ್‌ಲೈನ್ ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಕೊಳ್ಳುವುದು ಗೇಮ್ ಅಲ್ಲ, ಆಡುವ ಅನುಮತಿ. 2008ರಲ್ಲಿ ಶುರುವಾದ ಜಿ.ಓ.ಜಿ.ಯಂಥ ಕೆಲವು ಕಡೆ ಮಾತ್ರ ಬೀಗವಿಲ್ಲದ ಇನ್‌ಸ್ಟಾಲರ್ ಕೊಡುತ್ತಾರೆ. ಅಂಥದ್ದನ್ನು ಕೊಂಡರೆ ಒಂದು ಕಾಪಿ ಹಾರ್ಡ್ ಡಿಸ್ಕ್‌ಗೆ ಹಾಕಿಟ್ಟುಕೊಳ್ಳಿ. ಅಂಗಡಿಯಿಂದ ಗೇಮ್ ಮಾಯವಾದರೂ ನಿಮ್ಮ ಹತ್ತಿರ ಇದ್ದೇ ಇರುತ್ತೆ.

ಸರಿ, ಸರ್ವರ್ ರೆಡಿಯಾಗಿದೆ ಅಂತ ಕೂಗ್ತಿದ್ದಾರೆ. ನಾವಿನ್ನು ಬರ್ತೀವಿ!